ನಿದ್ದೆ ಬರಿಸುವ ಗೆಲುವು

ಗೆಲ್ಲುವುದರಲ್ಲಿ ಆ ತಂಡವನ್ನು ಮೀರಿಸುವವರು ಇರಲಿಲ್ಲ. ಬೇಸರ ಹುಟ್ಟಿಸುವುದರಲ್ಲೂ ಇರಲಿಲ್ಲ. ರಗ್ಬಿ ಅಂದರೆ ಜನ ಬಯಸುವುದು ಓಟ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಎದ್ದೆನೋ ಬಿದ್ದೆನೋ ಅಂತ ಓಡಬೇಕು, ನಾಲ್ಕು ಜನ ಅವನನ್ನು ಅಟ್ಟಿಸಿಕೊಂಡು ಬರಬೇಕು, ಬಿದ್ದರೂ ಅವನು ಗೆರೆಯಾಚೆಗೇ ಬೀಳಬೇಕು, ನೋಡುವವರ ಜೀವ ಬಾಯಿಗೆ ಬರಬೇಕು. ಇಲ್ಲಿ ಅದೊಂದೂ ಇರಲಿಲ್ಲ. ಚೆಂಡು ಸಿಕ್ಕವನು ಓಡುತ್ತಿರಲಿಲ್ಲ, ನಿಲ್ಲುತ್ತಿದ್ದ. ಎದುರಾಳಿಗಳು ಬಂದು ಅವನನ್ನು ತಬ್ಬಿ ಹಿಡಿಯುವಷ್ಟರಲ್ಲಿ ಅವನ ಕಡೆಯವರು ಏಳೆಂಟು ಜನ ಹಿಂದಿನಿಂದ ಬಂದು, ಒಬ್ಬರ ಸೊಂಟಕ್ಕೆ ಒಬ್ಬರು ಕೈ ಹಾಕಿ, ಒಂದೇ ಗಂಟಾಗಿಬಿಡುತ್ತಿದ್ದರು. ಚೆಂಡು ಕೈಯಿಂದ ಕೈಗೆ ಜಾರಿ ಎಲ್ಲರಿಗಿಂತ ಹಿಂದಿದ್ದವನ ಹೊಟ್ಟೆ ಸೇರುತ್ತಿತ್ತು. ಆಮೇಲೆ ಆ ಗಂಟು ನಡೆಯಲು ಶುರು ಮಾಡುತ್ತಿತ್ತು. ನಿಂತುಬಿಟ್ಟರೆ ನಿಯಮದ ಪ್ರಕಾರ ಚೆಂಡನ್ನು ಹೊರಗೆ ಕೊಡಬೇಕು. ಇವರು ನಿಲ್ಲುತ್ತಿರಲಿಲ್ಲ, ಹಾಗಂತ ಮುಂದೆ ಹೋಗುತ್ತಿದ್ದಾರೆ ಅಂತಲೂ ಯಾರಿಗೂ ಅನ್ನಿಸುತ್ತಿರಲಿಲ್ಲ. ಒಂದು ಆಕಳಿಕೆ ಮುಗಿಸಿ ನೋಡಿದರೆ ಅಲ್ಲೇ ಇದ್ದ ಹಾಗೆ ಕಾಣುತ್ತಿತ್ತು, ಇನ್ನೊಂದು ಆಕಳಿಕೆ ಮುಗಿಸಿ ನೋಡಿದರೆ ಗೆರೆಯ ಹತ್ತಿರ ಬಂದಿರುತ್ತಿತ್ತು. ಕೊನೆಯವನು ಚೆಂಡನ್ನು ಗೆರೆಯಾಚೆ ಮೆಲ್ಲಗೆ ನೆಲಕ್ಕೆ ಒತ್ತಿ, ಎದ್ದು, ಮಂಡಿಯ ಮಣ್ಣು ಕೊಡವಿಕೊಳ್ಳುತ್ತಿದ್ದ. ಅಂಕ ಬಂತು ಅಂತ ಜನಕ್ಕೆ ಗೊತ್ತಾಗುತ್ತಿದ್ದದ್ದು ತೀರ್ಪುಗಾರ ಸೀಟಿ ಊದಿದ ಮೇಲೆ.

ಊರಿನವರು ಇದಕ್ಕೆ ಬಸವನಹುಳು ಅಂತ ಹೆಸರಿಟ್ಟಿದ್ದರು. ಆಡುವವರು ಕಟ್ಟು ಅನ್ನುತ್ತಿದ್ದರು. ಹೇಳಿಕೊಟ್ಟವನು ಮೇಸ್ತ್ರಿ.

ಮೇಸ್ತ್ರಿ ಅಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ, ಮನೆ ಖಾಲಿ ಮಾಡಿಸುವ ಮೇಸ್ತ್ರಿ. ಒಂದು ಮನೆಯ ಸಾಮಾನನ್ನೆಲ್ಲ ಎತ್ತಿ ಇನ್ನೊಂದು ಮನೆಗೆ ಸಾಗಿಸುವುದು ಅವನ ಕಸುಬು. ಅವನ ಗುಂಪಿನಲ್ಲಿದ್ದ ಗಟ್ಟಿ ಆಳುಗಳೇ ತಂಡದ ಮುಂದಿನ ಸಾಲಿನಲ್ಲೂ ಇದ್ದರು. ಕಿರಿದಾದ ಮೆಟ್ಟಿಲಿನಲ್ಲಿ ಹಳೇ ಕಾಲದ ಬೀರುವೊಂದನ್ನು ಇಳಿಸುವುದನ್ನು ಒಮ್ಮೆಯಾದರೂ ನಿಂತು ನೋಡಿದವರಿಗೆ ಕಟ್ಟು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಇಬ್ಬರು, ಕೆಳಗೆ ಇಬ್ಬರು, ತಿರುವಿನಲ್ಲಿ ಬೆನ್ನು ಕೊಟ್ಟು ಒಬ್ಬ. ಮೇಸ್ತ್ರಿ “ಇದ್ಯಾ?” ಅಂತ ಕೇಳುತ್ತಿದ್ದ. ಭಾರ ತನ್ನ ಕೈಯಲ್ಲಿ ಸರಿಯಾಗಿ ಕೂತಿದೆ ಅನ್ನಿಸಿದವನು “ಇದೆ” ಅನ್ನಬೇಕು. ಒಬ್ಬೊಬ್ಬರಾಗಿ ಎಲ್ಲರೂ ಇದೆ ಅಂದ ಮೇಲೆ ಒಂದು ಮೆಟ್ಟಿಲು. ಮತ್ತೆ ಇದೆ, ಇದೆ, ಇದೆ, ಮತ್ತೊಂದು ಮೆಟ್ಟಿಲು. ಒಬ್ಬ ಸುಮ್ಮನಿದ್ದರೂ ಯಾರೂ ಕಾಲು ಎತ್ತುವ ಹಾಗಿಲ್ಲ. ಅವಸರ ಮಾಡಿದವನಿಗೆ ಮೇಸ್ತ್ರಿ ಬೈಯುತ್ತಿರಲಿಲ್ಲ, ಮಾರನೆಯ ದಿನ ಪೊರಕೆ ಕೊಟ್ಟು ಲಾರಿ ಗುಡಿಸಲು ಹಾಕುತ್ತಿದ್ದ. ಅಷ್ಟು ವರ್ಷದಲ್ಲಿ ಅವನ ಗುಂಪಿನ ಕೈಯಿಂದ ಒಂದು ಸಾಮಾನೂ ಬಿದ್ದಿರಲಿಲ್ಲ ಅಂತ ಜನ ಹೇಳುತ್ತಿದ್ದರು, ಹೇಳದಿದ್ದರೆ ಅವನೇ ಹೇಳುತ್ತಿದ್ದ.

ಮೈದಾನದಲ್ಲೂ ಅದೇ. ಎಂಟು ಜನ ಗಂಟು ಬಿದ್ದ ಕೂಡಲೇ ಒಳಗಿನಿಂದ ಗುಸುಗುಸು ಶುರುವಾಗುತ್ತಿತ್ತು: ಇದೆ, ಇದೆ, ಇದೆ. ತಗ್ಗಿದ ದನಿ, ಒಬ್ಬರಾದ ಮೇಲೆ ಒಬ್ಬರದು, ಮಗ್ಗಿ ಒಪ್ಪಿಸುವ ಹಾಗೆ. ಆ ಊರಿನಲ್ಲಿ ಆಟ ನಡೆಯುವ ಕಾಲದಲ್ಲಿ ಮಧ್ಯಾಹ್ನ ಅನ್ನುವುದೇ ಸರಿಯಾಗಿ ಬೆಳಗುತ್ತಿರಲಿಲ್ಲ. ಮಂಜು ನದಿಯ ಕಡೆಯಿಂದ ಎದ್ದು, ಹುಲ್ಲಿನ ಮೇಲೆ ಸೊಂಟದೆತ್ತರ ನಿಂತು, ಆಟಗಾರರ ಕಾಲುಗಳನ್ನು ಅಳಿಸಿಬಿಡುತ್ತಿತ್ತು. ಆಗ ಕಟ್ಟು ನಡೆಯುತ್ತಿದೆ ಅಂತಲೇ ಅನ್ನಿಸುತ್ತಿರಲಿಲ್ಲ, ಎಲ್ಲಿಗೋ ತೇಲಿಕೊಂಡು ಹೋಗುತ್ತಿದೆ ಅನ್ನಿಸುತ್ತಿತ್ತು. ಮಂಜಿನೊಳಗಿನಿಂದ ಆ ಇದೆ, ಇದೆ ಮಾತ್ರ ಗ್ಯಾಲರಿಯವರೆಗೂ ಬಂದು ಕಿವಿಗೆ ತಾಗುತ್ತಿತ್ತು. ಚಳಿಗೆ ಕೋಟು ಹೊದ್ದು ಕೂತವರ ಕುತ್ತಿಗೆ ತಾನಾಗಿ ಸಡಿಲವಾಗುತ್ತಿತ್ತು. ಬೇಸರವೇ ಅದು? ಊರಿಗೆ ಊರೇ ಹೌದು ಅನ್ನುತ್ತಿತ್ತು. ನನ್ನನ್ನು ಕೇಳಿದರೆ, ಬೇಸರಕ್ಕೂ ನೆಮ್ಮದಿಗೂ ನಡುವೆ ಇರುವ ಗೋಡೆ ಬಹಳ ತೆಳು, ಯಾವ ಕಡೆ ಕೂತಿದ್ದೀರಿ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಊರಿನ ಅಭಿಪ್ರಾಯ ತಯಾರಾಗುತ್ತಿದ್ದದ್ದು ಎರಡು ಕುರ್ಚಿಗಳಲ್ಲಿ, ಎರಡರಲ್ಲೂ ಕೂತವರು ಬಾಯಿ ಬಿಟ್ಟು ಉತ್ತರ ಕೊಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಒಂದು ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಕುರ್ಚಿ, ಇನ್ನೊಂದು ಕ್ಷೌರಿಕನ ಕುರ್ಚಿ. ಡಾಕ್ಟರು ಜನರ ದವಡೆಯಲ್ಲಿ ಕೈಯಿಟ್ಟುಕೊಂಡು, ಗೆದ್ದರೆ ಸಾಲದು, ಗೆದ್ದ ಹಾಗೆ ಕಾಣಬೇಕು, ಗ್ಯಾಲರಿ ತುಂಬಬೇಕು ಅನ್ನುತ್ತಿದ್ದರು. ಕ್ಷೌರಿಕ ಇನ್ನೂ ಮುಂದೆ ಹೋಗಿ, ತನಗೆ ಆ ಆಟ ನೋಡಿದ ಮೇಲೆ ಗಡ್ಡ ಬೆಳೆದಿರುತ್ತದೆ ಅಂತ ಕನ್ನಡಿಗೆ ಹೇಳುತ್ತಿದ್ದ. ಮೇಸ್ತ್ರಿ ಇದ್ಯಾವುದಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಸ್ವಂತ ಹೆಂಡತಿಯ ತಮ್ಮ, ಅಂಚೆ ಹಂಚುವವನು, ಊರಿನಲ್ಲೇ ಅತಿ ಜೋರಾಗಿ ಓಡುವವನು, ತಂಡದ ಅಂಚಿನಲ್ಲಿ ಚೆಂಡಿಗಾಗಿ ಕಾದು ಕಾದು ಕೈ ಉಜ್ಜಿಕೊಳ್ಳುತ್ತ ನಿಂತಿರುತ್ತಿದ್ದ. ಅವನು ಬಂದು ಗೋಗರೆದರೂ ಮೇಸ್ತ್ರಿ ಜಗ್ಗಿರಲಿಲ್ಲ. ಭಾವ, ನನ್ನನ್ನು ಅಲ್ಲಿ ನಿಲ್ಲಿಸುವ ಬದಲು ಒಂದು ಕಂಬ ನೆಟ್ಟುಬಿಡಿ, ಬಟ್ಟೆಯಾದರೂ ಒಣಗಿಸಬಹುದು ಅಂತ ಅವನು ಮುಖ ಊದಿಸಿಕೊಂಡಾಗ ಮೇಸ್ತ್ರಿ ನಕ್ಕು ಬೆನ್ನು ತಟ್ಟಿ ಕಳಿಸಿದ್ದ.

ಇಂಥ ಮನುಷ್ಯ ಒಂದು ದಿನ ಕ್ಷೌರಿಕನ ಕುರ್ಚಿಯಲ್ಲಿ, ಮುಖಕ್ಕೆಲ್ಲ ನೊರೆ ಬಳಿಸಿಕೊಂಡು, ಗಂಟಲ ಮೇಲೆ ಕತ್ತಿಯಿದ್ದ ಹೊತ್ತಿನಲ್ಲಿ ಒಂದು ಮಾತು ಕೇಳಿಸಿಕೊಂಡ.

“ನಾವು ಬೇಜಾರು ಅಂದ್ರೆ ನೀವು ಕಿವಿಗೇ ಹಾಕ್ಕೊಳ್ಳಲ್ಲ,” ಅಂದ ಕ್ಷೌರಿಕ. “ನಿಮ್ಮ ಮನೆಯವರೇ ಮೂರನೇ ಸಾಲಲ್ಲಿ ಕೂತು ಆಟ ಮುಗಿಯೋವರೆಗೂ ನಿದ್ದೆ ಹೊಡೀತಾರಲ್ಲ, ಅವರಿಗೇನು ಹೇಳ್ತೀರಾ?”

ಮೇಸ್ತ್ರಿ ಏನೂ ಹೇಳಲಿಲ್ಲ, ಕತ್ತಿ ಇತ್ತು. ಕತ್ತಿ ತೆಗೆದ ಮೇಲೆ ಕಾಸು ಕೊಟ್ಟು ಎದ್ದುಹೋದ. ಅವನು ಮೈದಾನದ ಗೆರೆಯ ಪಕ್ಕ ನಿಂತರೆ ಹಿಂದೆ ತಿರುಗುವವನಲ್ಲ. ಹೊತ್ತ ಸಾಮಾನಿನಿಂದ ಕಣ್ಣು ತೆಗೆಯಬಾರದು ಅನ್ನುವುದು ಅವನ ಕಸುಬಿನ ಪಾಠ. ಹೆಂಡತಿ ಪ್ರತಿ ಆಟಕ್ಕೂ ತಪ್ಪದೆ ಬರುತ್ತಾಳೆ, ಮನೆಗೆ ಹೋಗುವಾಗ ಚೆನ್ನಾಗಿತ್ತು ರೀ ಅನ್ನುತ್ತಾಳೆ, ಅಷ್ಟು ಅವನಿಗೆ ಗೊತ್ತಿತ್ತು, ಅಷ್ಟರಲ್ಲೇ ಅವನಿಗೆ ತೃಪ್ತಿಯಿತ್ತು. ಮುಂದಿನ ಆಟದಲ್ಲಿ, ಕಟ್ಟು ಮಂಜಿನೊಳಗೆ ತನ್ನ ಪಾಡಿಗೆ ತಾನು ತೇಲುತ್ತಿದ್ದಾಗ, ಅವನು ಮೊದಲ ಸಲ ಹಿಂದೆ ತಿರುಗಿ ನೋಡಿದ.

ಅವಳು ನಿದ್ದೆ ಮಾಡುತ್ತಿದ್ದಳು. ತೂಕಡಿಕೆಯಲ್ಲ, ನಿದ್ದೆ. ಗದ್ದ ಎದೆಗೆ ತಾಗಿತ್ತು, ಬಾಯಿ ಅಷ್ಟಿಷ್ಟು ತೆರೆದಿತ್ತು, ಕೈಗಳು ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದವು. ಪಕ್ಕದವರು ಅವಳಿಗೆ ತಾಗದ ಹಾಗೆ ಸರಿದು ಕೂತು, ಮೇಸ್ತ್ರಿ ನೋಡುತ್ತಿದ್ದಾನೆ ಅಂತ ಕಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಊರು ಏನಾದರೂ ಅಂದುಕೊಳ್ಳಲಿ, ಅದು ಊರು. ಇವಳು ಅವನ ಜೊತೆ ಲಾರಿ ಹತ್ತಿ ಬಂದು ಜನರ ಗಾಜು, ಪಿಂಗಾಣಿಯನ್ನೆಲ್ಲ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುವವಳು. ಕೈಯಿಂದ ಜಾರದಂತೆ ಹಿಡಿಯುವುದು ಎಷ್ಟು ಕಷ್ಟ ಅಂತ ಬಲ್ಲವಳು. ಅವಳಿಗೂ ಇದು ಬೇಸರವೇ? ಆ ದಿನ ತಂಡ ಗೆದ್ದಿತು. ಮನೆಗೆ ಹೋಗುವ ದಾರಿಯಲ್ಲಿ ಅವಳು ಚೆನ್ನಾಗಿತ್ತು ರೀ ಅಂದಳು. ಮೇಸ್ತ್ರಿ ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆದ.

ಊರು, ಡಾಕ್ಟರು, ಭಾಮೈದ ಎಲ್ಲ ಸೇರಿ ಮಾಡಿಸಲಾಗದ್ದನ್ನು ಆ ನಿದ್ದೆ ಮಾಡಿಸಿತು. ಮಾರನೆಯ ವಾರವೇ ಅವನು ಗುಂಪನ್ನು ಸೇರಿಸಿ, ಇನ್ನು ಕಟ್ಟು ಬೇಡ, ಚೆಂಡು ಸಿಕ್ಕ ಕೂಡಲೇ ಅಂಚಿಗೆ ಎಸೆಯಿರಿ, ಓಡುವವನು ಓಡಲಿ ಅಂದ. ಬೀರು ಇಳಿಸುವ ಆಳುಗಳು ತಲೆ ಕೆರೆದುಕೊಂಡರು. ಅಂಚೆಯವನು ಮಾತ್ರ ಭಾವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡ.

ಮುಂದಿನ ಆಟದಲ್ಲಿ ಅವನು ಓಡಿದ್ದನ್ನು ನೋಡಿದವರು ಇವತ್ತಿಗೂ ಬಾಯಿ ಚಪ್ಪರಿಸುತ್ತಾರೆ. ಬಾಗಿಲು ಬಾಗಿಲಿಗೆ ನಡೆದು ನಡೆದು ಗಟ್ಟಿಯಾದ ಕಾಲುಗಳವು. ಎದುರಿಗೆ ಬಂದವನು ತಬ್ಬಲು ಕೈ ಚಾಚಿದರೆ ಅಲ್ಲಿ ಬರೀ ಮಂಜು. ಚೆಂಡು ಈ ಕೈಯಿಂದ ಆ ಕೈಗೆ, ಆ ಕೈಯಿಂದ ನೆಲಕ್ಕೆ, ನೆಲದಿಂದ ಎದುರಾಳಿಗೆ, ಅಲ್ಲಿಂದ ಮತ್ತೆ ಇವರಿಗೆ. ಗೆಲ್ಲುತ್ತೇವೋ ಸೋಲುತ್ತೇವೋ ಅಂತ ಕಡೆಯವರೆಗೂ ಯಾರಿಗೂ ಗೊತ್ತಿರಲಿಲ್ಲ. ಗ್ಯಾಲರಿಯ ಹಲಗೆಗಳು ಜನರ ಕಾಲ ಕೆಳಗೆ ಧಡಧಡ ಅಂದವು, ಕ್ಷೌರಿಕ ಟೋಪಿ ಎಸೆದ, ಅದು ಮತ್ತೆ ಸಿಗಲೇ ಇಲ್ಲ. ಮೇಸ್ತ್ರಿ ತಿರುಗಿ ನೋಡಿದ. ಹೆಂಡತಿ ಎಲ್ಲರ ಜೊತೆ ಎದ್ದು ನಿಂತಿದ್ದಳು. ಕಣ್ಣು ಅಗಲವಾಗಿ ತೆರೆದಿತ್ತು, ಕೈ ಎದೆಯ ಮೇಲಿತ್ತು. ನೋಡು, ಎಚ್ಚರವಾಗಿದ್ದಾಳೆ ಅಂತ ಅವನ ಎದೆ ಉಬ್ಬಿತು. ಅಂಥ ಪೆದ್ದು ಸಂತೋಷ ಅವನಿಗೆ ಮದುವೆಯಾದ ಹೊಸದರಲ್ಲೂ ಆಗಿರಲಿಲ್ಲ.

ಡಾಕ್ಟರು ಬಂದು ಕೈ ಕುಲುಕಿದರು. ಕೊನೆಯ ಪಂದ್ಯಕ್ಕೆ ಹೊರಗಿನಿಂದ ದೊಡ್ಡ ದೊಡ್ಡವರನ್ನು ಕರೆಸುತ್ತಿದ್ದೇನೆ, ಇದೇ ಆಟ ಆಗಬೇಕು, ಮತ್ತೆ ಆ ಬಸವನಹುಳು ಕಂಡರೆ ಮುಂದಿನ ವರ್ಷ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಅಂತ ನಗುನಗುತ್ತಲೇ ಅಂದರು. ಆ ತಂಡ ಬಿಟ್ಟರೆ ಮೇಸ್ತ್ರಿಗೆ ವಾರದ ಕೊನೆ ಅನ್ನುವುದೇ ಇರಲಿಲ್ಲ. ಮಕ್ಕಳಿಲ್ಲದ ಮನೆ. ಹತ್ತು ಬೆರಳಿಗೆ ಒಂದು ಉಂಗುರದ ಹಾಗೆ ಇದ್ದದ್ದು ಅದೊಂದೇ. ಅವನು ಆಗಲಿ ಅಂತ ತಲೆಯಾಡಿಸಿದ.

ಓಟದ ಆಟಗಳು ಒಂದಾದ ಮೇಲೊಂದು ನಡೆದವು. ತಂಡ ಗೆಲ್ಲುತ್ತಿತ್ತು, ಏದುಸಿರು ಬಿಟ್ಟುಕೊಂಡು ಗೆಲ್ಲುತ್ತಿತ್ತು. ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿಯ ಕಣ್ಣ ಕೆಳಗೆ ಕಪ್ಪು ಕಟ್ಟಿದ್ದನ್ನು ಅವನು ಗಮನಿಸಲಿಲ್ಲ. ಗೆದ್ದವನ ಕಣ್ಣು ಎಷ್ಟು ದೂರ ನೋಡುತ್ತದೆಯೋ ಅಷ್ಟೇ ಹತ್ತಿರದ್ದನ್ನು ಬಿಟ್ಟುಬಿಡುತ್ತದೆ.

ಕೊನೆಯ ಪಂದ್ಯಕ್ಕೆ ಕೆಲವು ದಿನಗಳಿದ್ದಾಗ ಒಬ್ಬ ಸಂಗೀತದ ಟೀಚರ ಮನೆ ಖಾಲಿ ಮಾಡಿಸುವ ಕೆಲಸ ಬಂತು. ಪಿಯಾನೊ ಆಗಲೇ ಲಾರಿ ಸೇರಿತ್ತು, ಆಳುಗಳು ಕೆಳಗೆ ಹಗ್ಗ ಬಿಗಿಯುತ್ತಿದ್ದರು. ಮೇಲಿನ ಕೋಣೆಯಲ್ಲಿ ಮೇಸ್ತ್ರಿಯ ಹೆಂಡತಿ ಕಿಟಕಿಯ ಬೆಳಕಿನಲ್ಲಿ ನೆಲದ ಮೇಲೆ ಕೂತು ಗಾಜಿನ ಸಾಮಾನು ಸುತ್ತುತ್ತಿದ್ದಳು. ಗೋಡೆಯಲ್ಲಿ ಚಿತ್ರಗಳಿದ್ದ ಜಾಗ ಮಾತ್ರ ಹೊಸ ಬಣ್ಣದ ಚೌಕಗಳಾಗಿ ಉಳಿದಿತ್ತು. ಪಿಯಾನೊ ನಿಂತಿದ್ದ ಕಡೆ ನೆಲದಲ್ಲಿ ಕಾಲಿನ ಗುಳಿಗಳಿದ್ದವು. ಖಾಲಿ ಮನೆಗಳಲ್ಲಿ ಸದ್ದು ಸ್ವಲ್ಪ ಹೊತ್ತು ನಿಂತು ಯೋಚಿಸಿ ಹೋಗುತ್ತದೆ. ಗಾಜು ಒಡೆದ ಸದ್ದು ಮೇಸ್ತ್ರಿಗೆ ಮೆಟ್ಟಿಲಿನವರೆಗೂ ಕೇಳಿಸಿತು.

ಅವನು ಬಂದು ನೋಡಿದಾಗ ಅವಳು ನೀಲಿ ಬೋಗುಣಿಯೊಂದರ ಚೂರುಗಳ ನಡುವೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದಳು. ಟೀಚರು ಹೋಗಲಿ ಬಿಡಿ, ಹಳೇದು ಅಂತ ಹೇಳಿ ಕೆಳಗಿಳಿದುಹೋದರು. ಮೇಸ್ತ್ರಿ ಚೂರುಗಳನ್ನು ಸರಿಸಿ, ಒಂದು ಪೆಟ್ಟಿಗೆಯ ಮೇಲೆ ಅವಳೆದುರು ಕೂತ.

“ಕೈ ಜಾರ್ತು,” ಅಂದಳು ಅವಳು. “ನಿದ್ದೆ ಇಲ್ಲ.”

ರಾತ್ರಿ ಮಲಗುತ್ತೀಯಲ್ಲ ಅಂತ ಅವನು ಕೇಳಿದ. ಮಲಗುತ್ತೇನೆ, ನಿದ್ದೆ ಮಾಡುವುದಿಲ್ಲ ಅಂದಳು. ಯಾವಾಗಿನಿಂದ ಅಂತ ಕೇಳುವಷ್ಟರಲ್ಲಿ ಅವನಿಗೆ ಉತ್ತರ ಹೊಳೆದುಬಿಟ್ಟಿತ್ತು.

ಅವನ ತಾಯಿ ಅವರ ಮನೆಯ ಮುಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳು. ಮೂಗಿನ ತುದಿಯಲ್ಲೇ ಕೋಪವಿದ್ದ ಮುದುಕಿ. ಸೊಸೆಯನ್ನು ಬೈಯದೆ ನೀರು ಕೂಡ ಕುಡಿಯುತ್ತಿರಲಿಲ್ಲ, ಸೊಸೆಯ ಕೈಯಿಂದಲ್ಲದೆ ಬೇರೆಯವರ ಕೈಯಿಂದಲೂ ಕುಡಿಯುತ್ತಿರಲಿಲ್ಲ. ಆ ಸೊಸೆ ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಅವಳಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಅತ್ತೆ ಇರಲಿಲ್ಲ. ನೀವು ಎದ್ದಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಅಂತ ನೋಡಲು ಬಂದ ಆಸ್ಪತ್ರೆಯ ಡಾಕ್ಟರು ಹೇಳಿದರು, ಅವಳು ಹೂಂ ಅಂದಳು, ಮೇಸ್ತ್ರಿ ಅದನ್ನು ಅಲ್ಲಿಗೆ ಮುಗಿಯಿತು ಅಂದುಕೊಂಡ. ದಿನವಿಡೀ ಭಾರ ಹೊತ್ತು ಬಂದವನಿಗೆ ತಲೆ ದಿಂಬಿಗೆ ತಾಗುವುದೇ ತಡ ನಿದ್ದೆ. ಪಕ್ಕದಲ್ಲಿ ಒಬ್ಬಳು ಕಣ್ಣು ಬಿಟ್ಟುಕೊಂಡು ಮನೆಯ ಸದ್ದುಗಳನ್ನು ಒಂದೊಂದಾಗಿ ಕೇಳುತ್ತಿದ್ದಾಳೆ ಅಂತ ಅವನಿಗೆ ಹೇಗೆ ತಿಳಿಯಬೇಕು.

“ನಾನು ನಿದ್ದೆ ಮಾಡ್ತಿದ್ದದ್ದು ನಿಮ್ಮ ಮೈದಾನದಲ್ಲಿ,” ಅಂದಳು ಅವಳು, ತಲೆ ತಗ್ಗಿಸಿ. “ನಿಮಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಯಾರು ಗೆದ್ರು ಅಂತ ನನ್ನ ತಮ್ಮನ ಹತ್ರ ಕೇಳ್ಕೊಂಡು ಬಂದು ಚೆನ್ನಾಗಿತ್ತು ಅಂತಿದ್ದೆ.”

ಮೇಸ್ತ್ರಿ ತಾನೂ ತಪ್ಪೊಪ್ಪಿಕೊಳ್ಳುವವನ ಹಾಗೆ, ನಿನಗೆ ಬೇಸರ ಆಗದಿರಲಿ ಅಂತಲೇ ಆಟ ಬದಲಾಯಿಸಿದೆ ಅಂದ. ಅವಳು ಅವನ ಮುಖವನ್ನೇ ನೋಡಿದಳು. ನಗು ಬಂತು, ನಗುತ್ತಿದ್ದ ಹಾಗೇ ಕಣ್ಣು ತುಂಬಿತು.

“ಬೇಜಾರಾ?” ಅಂದಳು. “ಮನೇಲಿ ಕಣ್ಣು ಮುಚ್ಚಿದ್ರೆ ಏನೋ ಬಿದ್ದು ಹೋಗುತ್ತೆ ಅನ್ಸುತ್ತೆ ರೀ. ಅತ್ತೇನ ನಾನೊಬ್ಬಳೇ ಹಿಡ್ಕೊಂಡಿದ್ದೆ. ನಾನು ಬಿಟ್ಟೆ, ಹೋದ್ರು. ಅಲ್ಲಿ ನಿಮ್ಮವರು ಇದೆ, ಇದೆ ಅಂತಿರ್ತಾರಲ್ಲ, ಅಷ್ಟು ಜನ ಹಿಡ್ಕೊಂಡಿರ್ತಾರಲ್ಲ. ನಾನು ಬಿಟ್ರೂ ಬೀಳಲ್ಲ ಅಂತ ಗೊತ್ತಿರುತ್ತೆ. ಅದಕ್ಕೇ ಕಣ್ಣು ಮುಚ್ಚುತ್ತೆ.”

ಕೆಳಗಿನಿಂದ ಆಳುಗಳು ಕೂಗಿದರು. ಮೇಸ್ತ್ರಿ ಬಂದೆ ಅಂದ, ಆದರೆ ಏಳಲಿಲ್ಲ. ಕಿಟಕಿಯ ಬಿಸಿಲು ಗೋಡೆಯ ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಜಾರಿತು. ಅವಳು ಬಿಟ್ಟಳು ಅನ್ನುವುದನ್ನು ಅವನು ಒಪ್ಪಲಿಲ್ಲ. ತಾಯಿ ಅವನ ತಾಯಿ. ಹಿಡಿದುಕೊಂಡಿದ್ದವಳು ಇವಳೊಬ್ಬಳು. ಇಷ್ಟು ವರ್ಷ ಊರಿನವರ ಬೀರುಗಳಿಗೆಲ್ಲ ಇದ್ಯಾ ಅಂತ ಕೇಳಿದವನು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆಯೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು.

ಆ ರಾತ್ರಿ ಅವನು ಹಾಸಿಗೆಯ ಅಂಚಿನಲ್ಲಿ ಕೂತು, ತಗ್ಗಿದ ದನಿಯಲ್ಲಿ, ತಾನೊಬ್ಬನೇ ಇದೆ, ಇದೆ ಅನ್ನುತ್ತ ಹೋದ. ಅವಳು ಅವನ ಮೇಲಿನ ಕರುಣೆಯಿಂದ ಕಣ್ಣು ಮುಚ್ಚಿಕೊಂಡು ಮಲಗಿದಳು. ಸ್ವಲ್ಪ ಹೊತ್ತಿಗೆ ಕೂತಲ್ಲೇ ಗೊರಕೆ ಹೊಡೆದವನು ಅವನು, ಎದ್ದು ಹೊದಿಕೆ ಹೊದಿಸಿದವಳು ಅವಳು. ಒಬ್ಬನ ಇದೆ ಸಾಲಲಿಲ್ಲ.

ಮಾರನೆಯ ದಿನ ಅವನು ಅಂಚೆ ಹಂಚುವ ದಾರಿಯಲ್ಲೇ ಭಾಮೈದನನ್ನು ಹಿಡಿದು ಎಲ್ಲ ಹೇಳಿದ. ಹೇಳಲೇಬೇಕಾಗಿತ್ತು, ಕಟ್ಟು ಮರಳಿ ಬಂದರೆ ಕಂಬವಾಗುವವನು ಅವನು. ಅಂಚೆಯವನು ಚೀಲವನ್ನು ಒಂದು ಗೇಟಿನ ಕಂಬಕ್ಕೆ ಒರಗಿಸಿ ಎಲ್ಲ ಕೇಳಿಸಿಕೊಂಡ. ಅಕ್ಕ ಪ್ರತಿ ಸಲ ಯಾರು ಗೆದ್ದರು ಅಂತ ಕೇಳುತ್ತಿದ್ದದ್ದು ಅವಳಿಗೆ ಆಟದ ಲೆಕ್ಕ ಅರ್ಥವಾಗದೆ ಅಂದುಕೊಂಡಿದ್ದೆ ಅಂದ. ಆಮೇಲೆ, ಜೀವನದಲ್ಲಿ ಮೊದಲ ಸಲ ಜನ ನನ್ನ ಹೆಸರು ಕೂಗುತ್ತಿದ್ದಾರೆ ಭಾವ ಅಂದ. ಅದು ಸುಳ್ಳಲ್ಲ. ಮೇಸ್ತ್ರಿ ನಿನ್ನಿಷ್ಟ ಅನ್ನಲಿಲ್ಲ, ನನ್ನಿಷ್ಟ ಅನ್ನಲೂ ಇಲ್ಲ. ಇಬ್ಬರೂ ಆ ಬೀದಿಯ ಕೊನೆಯವರೆಗೆ ಜೊತೆಯಲ್ಲಿ ನಡೆದರು.

ಕೊನೆಯ ಪಂದ್ಯದ ದಿನ ಗ್ಯಾಲರಿಯಲ್ಲಿ ಸೂಜಿ ಬಿದ್ದರೆ ನೆಲ ಮುಟ್ಟದಷ್ಟು ಜನ. ಡಾಕ್ಟರು ತಾವು ಕರೆಸಿದ ದೊಡ್ಡವರನ್ನು ಮೊದಲ ಸಾಲಿನಲ್ಲಿ ಕೂರಿಸಿ, ಪ್ರತಿ ಓಟಕ್ಕೂ ಅವರ ಮುಖ ನೋಡುತ್ತಿದ್ದರು. ಮೊದಲರ್ಧ ಅವರು ಬಯಸಿದ ಹಾಗೇ ನಡೆಯಿತು. ಅಂಚೆಯವನು ಓಡಿದ, ಜನ ಕೂಗಿದರು, ಎದುರಾಳಿಗಳೂ ಓಡಿದರು, ತಂಡ ಕೂದಲೆಳೆಯಷ್ಟು ಮುಂದಿತ್ತು. ಮೇಸ್ತ್ರಿ ಆಟವನ್ನು ಬಿಟ್ಟು ಮೂರನೇ ಸಾಲನ್ನು ನೋಡುತ್ತಿದ್ದ. ಅವಳು ಹಲಗೆಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂತಿದ್ದಳು. ತಾನು ಬಿಟ್ಟರೆ ಇಡೀ ಗ್ಯಾಲರಿ ಕುಸಿಯುತ್ತದೆ ಅನ್ನುವ ಹಾಗೆ.

ಮಧ್ಯಂತರದಲ್ಲಿ ಅವನು ಆಳುಗಳ ಹತ್ತಿರ ಹೋಗಿ ಒಂದೇ ಮಾತು ಹೇಳಿದ.

“ಬೀರು ಇಳಿಸೋಣ.”

ಯಾಕೆ ಅಂತ ಯಾರೂ ಕೇಳಲಿಲ್ಲ. ಅವರ ಮುಖಗಳಲ್ಲಿ, ಹೊಸ ಚಪ್ಪಲಿ ಕಳಚಿ ಹಳೇ ಚಪ್ಪಲಿ ಮೆಟ್ಟಿದವರ ಸುಖವಿತ್ತು. ಅಂಚೆಯವನು ಮಾತ್ರ ಬೂಟಿನ ದಾರ ಕಟ್ಟುತ್ತ ತಲೆ ಎತ್ತಲಿಲ್ಲ.

ಎರಡನೇ ಅರ್ಧ ಶುರುವಾದ ಹಾಗೇ ಮಂಜೂ ಇಳಿಯಿತು. ಚೆಂಡು ಹಿಡಿದವನು ನಿಂತ, ಏಳು ಜನ ಬಂದು ಸೇರಿದರು, ಗಂಟು ಬಿತ್ತು. ಇದೆ, ಇದೆ, ಇದೆ. ಮೊದಲು ಜನಕ್ಕೆ ನಂಬಿಕೆಯಾಗಲಿಲ್ಲ. ಆಮೇಲೆ ಶಿಳ್ಳೆ, ಛೀಮಾರಿ. ಕ್ಷೌರಿಕ ಎದ್ದು ನಿಂತು, ಕಡೆಗೂ ನಮ್ಮ ಹುಳು ಬಂತಪ್ಪ ಅಂದ, ಕೆಲವರು ನಕ್ಕರು. ಡಾಕ್ಟರು ಗೆರೆಯ ಪಕ್ಕ ನಿಂತಿದ್ದ ಮೇಸ್ತ್ರಿಯ ಕಡೆ ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದರು. ಆದರೆ ಬೈಯುವುದಕ್ಕೂ ಒಂದು ವೇಗ ಬೇಕು, ಆ ಆಟ ಅದನ್ನೂ ಕಿತ್ತುಕೊಂಡಿತು. ಶಿಳ್ಳೆಗಳು ಒಂದೊಂದಾಗಿ ಆರಿದವು. ಬೆಳಕು ಹಾಲಿನ ಬಣ್ಣಕ್ಕೆ ತಿರುಗಿತು. ದೊಡ್ಡವರಲ್ಲೊಬ್ಬರು ಕೋಟಿನ ಕಾಲರಿನೊಳಗೆ ಗದ್ದ ಇಳಿಸಿಕೊಂಡರು. ಹಲಗೆ ಹಿಡಿದಿದ್ದ ಎರಡು ಕೈಗಳು ಮೆಲ್ಲಗೆ ಸಡಿಲವಾಗಿ ತೊಡೆಯ ಮೇಲೆ ಬಂದವು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಎದುರಾಳಿಗಳ ಕೈ ತಪ್ಪಿದ ಚೆಂಡೊಂದು ಪುಟಿದು ಪುಟಿದು ಅಂಚೆಯವನ ಕೈಗೇ ಬಂತು. ಅವನ ಮುಂದೆ ಮೈದಾನವೆಲ್ಲ ಖಾಲಿ. ಗೆರೆಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಾಲುಗಳು ಅವನನ್ನು ಕೇಳದೆಯೇ ಓಡಿದವು. ಊರು ಒಮ್ಮೆಗೇ ಎದ್ದು ಅವನ ಹೆಸರು ಕೂಗಿತು. ಆ ಕೂಗಿಗೆ ಮೂರನೇ ಸಾಲಿನಲ್ಲಿ ಆಗ ತಾನೇ ಬಾಗಿದ್ದ ತಲೆಯೊಂದು ಬೆಚ್ಚಿ ಮೇಲಕ್ಕೆದ್ದಿತು. ಅವನು ಗ್ಯಾಲರಿಯ ಕಡೆಯ ಅಂಚಿನಲ್ಲೇ ಓಡುತ್ತಿದ್ದ. ಅಕ್ಕನ ಮುಖ ಅವನಿಗೆ ಕಂಡಿತು, ಅತ್ತೆ ಹೋದ ಆ ಮಧ್ಯಾಹ್ನ ಅವನು ಓಡಿ ಬಂದಾಗ ಅವಳು ಹೇಗೆ ಕಂಡಿದ್ದಳೋ ಹಾಗೆ.

ಅವನು ನಿಂತ.

ಖಾಲಿ ಮೈದಾನದ ಎದುರು, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ಬೆನ್ನು ತಿರುಗಿಸಿ, ಓಡಿ ಬರುತ್ತಿದ್ದ ಎದುರಾಳಿಗಳನ್ನೂ ತನ್ನವರನ್ನೂ ಕಾಯುತ್ತ ನಿಂತ. ರಗ್ಬಿ ಹುಟ್ಟಿದಾಗಿನಿಂದ ಯಾರೂ ಮಾಡಿರಲಾರದಂಥ ಹುಚ್ಚು ಕೆಲಸ. ಎದುರಾಳಿಗಳು ಬಂದು ತಬ್ಬಿದರು, ಆಳುಗಳು ಬಂದು ಸೊಂಟಕ್ಕೆ ಕೈ ಹಾಕಿದರು. “ಇದೆ,” ಅಂದ ಅಂಚೆಯವನು, ಅಷ್ಟು ವರ್ಷದಲ್ಲಿ ಮೊದಲ ಸಲ. ಅವನ ಹಿಂದಿನವನು ಇದೆ ಅಂದ. ಕಟ್ಟು ಹೊರಟಿತು. ಗ್ಯಾಲರಿಯಲ್ಲಿ ಜನ ತಲೆ ತಲೆ ಚಚ್ಚಿಕೊಂಡರು, ಕೆಲವರು ಬಾಗಿಲ ಕಡೆ ನಡೆದರು, ಉಳಿದವರು ಸೋತು ಕೂತರು. ಆಟದ ಉಳಿದ ಹೊತ್ತೆಲ್ಲ ಆ ಗಂಟು ಮಂಜಿನೊಳಗೆ ಗೆರೆಯ ಕಡೆಗೆ ಹೋಗುತ್ತಲೇ ಇತ್ತು. ಒಂದು ದನಿ ನಿಂತರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು.

ತೀರ್ಪುಗಾರ ಕೊನೆಯ ಸೀಟಿ ಊದಿದಾಗ ತಂಡ ಗೆದ್ದಿತ್ತು. ಚಪ್ಪಾಳೆ ತಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಜನ ಕೋಟಿನ ಗುಂಡಿ ಹಾಕಿಕೊಂಡು, ಗೊಣಗಿಕೊಂಡು, ಸಾಲು ಸಾಲಾಗಿ ಇಳಿದುಹೋದರು. ಮೇಸ್ತ್ರಿ ಮೇಲೆ ಹತ್ತಿ ಮೂರನೇ ಸಾಲಿಗೆ ಬಂದು ಹೆಂಡತಿಯ ಪಕ್ಕ ಕೂತ. ಅವಳ ತಲೆ ಜಾರಿ ಅವನ ಭುಜಕ್ಕೆ ಬಂತು. ಉಸಿರು ಉದ್ದವಾಗಿ, ನಿಧಾನವಾಗಿ ಬರುತ್ತಿತ್ತು, ಬಾಯಿ ಅಷ್ಟಿಷ್ಟು ತೆರೆದಿತ್ತು. ಕೆಳಗೆ ಮಣ್ಣು ಮೆತ್ತಿಕೊಂಡ ಆಳುಗಳು ಗೆದ್ದ ಕಪ್ ಹಿಡಿದುಕೊಂಡು ಮೇಲೆ ಬರಬೇಕೋ ಬೇಡವೋ ಅಂತ ನಿಂತಿದ್ದರು. ಅಂಚೆಯವನು ತುಟಿಯ ಮೇಲೆ ಬೆರಳಿಟ್ಟು ಅವರನ್ನು ಅಲ್ಲೇ ಕೂರಿಸಿದ.

ಡಾಕ್ಟರು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದರು. ಮುಖ ಕೆಂಡದ ಹಾಗಿತ್ತು. ದೊಡ್ಡವರು ಹೊರಟುಹೋದರು, ಒಬ್ಬರಂತೂ ಕೂತಲ್ಲೇ ನಿದ್ದೆ ಹೋಗಿದ್ದರು, ಊರಿನ ಮರ್ಯಾದೆ ಮಣ್ಣುಪಾಲಾಯಿತು ಅಂತ ಶುರು ಮಾಡಿದರು. ಮೇಸ್ತ್ರಿ ಭುಜ ಅಲುಗದ ಹಾಗೆ ಮುಖವನ್ನಷ್ಟೇ ಅವರ ಕಡೆ ತಿರುಗಿಸಿದ.

“ಏನು ಹೇಳ್ಬೇಕೋ ಹೇಳಿ ಡಾಕ್ಟ್ರೇ,” ಅಂದ. “ಸ್ವಲ್ಪ ಮೆತ್ತಗೆ ಹೇಳಿ.”

ಡಾಕ್ಟರು ಅವನನ್ನು ನೋಡಿದರು, ಅವನ ಭುಜದ ಮೇಲಿದ್ದ ಮುಖವನ್ನು ನೋಡಿದರು. ಬಾಯಿಗೆ ಬಂದಿದ್ದ ಮಾತುಗಳನ್ನೆಲ್ಲ ಒಮ್ಮೆ ನುಂಗಿಕೊಂಡರು. ಆಮೇಲೆ ಮುಂದಿನ ಸಾಲಿನ ಹಲಗೆಯ ಮೇಲೆ ಸದ್ದಾಗದಂತೆ ಕೂತು, ಹತ್ತಿರಕ್ಕೆ ಬಾಗಿ, ಪಿಸುದನಿಯಲ್ಲಿ ಮೇಸ್ತ್ರಿಯನ್ನು ತಂಡದಿಂದ ತೆಗೆದುಹಾಕಿದರು.